ಕುತ್ತಿಗೆಗೆ ಟ್ಯೂಬ್: ಯಾವಾಗ ಹೂಂ ಅನ್ನಬೇಕು, ಯಾವಾಗ ಇನ್ನೆರಡು ದಿನ ನೋಡಬೇಕು

“ಸಿಸ್ಟರ್, ನಮ್ಮಪ್ಪಂದು ಕುತ್ತಿಗಿ ಕೊಯ್ತಾರಂತಲ್ರಿ?”

ಐಸಿಯು ಬಾಗಿಲು ಅರ್ಧ ತೆಗೆದರೆ ಸಾಕು, ಈ ಪ್ರಶ್ನೆ ಒಳಗೆ ಬಂದುಬಿಡುತ್ತದೆ. ಕೇಳುವವರು ಜಗಳೂರಿನವರಿರಬಹುದು, ಹೊನ್ನಾಳಿ ಕಡೆಯವರಿರಬಹುದು, ಚಳ್ಳಕೆರೆಯಿಂದ ಆಂಬುಲೆನ್ಸ್ ಹಿಂದೆಯೇ ಬೈಕಿನಲ್ಲಿ ಬಂದವರಿರಬಹುದು. ಕೈಯಲ್ಲಿ ಸಹಿ ಹಾಕಬೇಕಾದ ಫಾರಂ. ಡಾಕ್ಟರ್ ಐದು ನಿಮಿಷ ನಿಂತು ಹೇಳಿ ಹೋಗಿರುತ್ತಾರೆ. ಅದರಲ್ಲಿ ಇವರ ಕಿವಿಗೆ ಬಿದ್ದಿರುವುದು ಎರಡೇ ಪದ. ಕುತ್ತಿಗೆ, ತೂತು.

ನಾನು ಡಾಕ್ಟರ್ ಅಲ್ಲ. ದಾವಣಗೆರೆಯಲ್ಲಿ ಐಸಿಯು ಸ್ಟಾಫ್ ನರ್ಸ್ ಆಗಿ 16 ವರ್ಷ ಆಯಿತು. ಟ್ರೇಕಿಯಾಸ್ಟಮಿ, ಅಂದರೆ ಉಸಿರಾಡಲು ಕುತ್ತಿಗೆಯಲ್ಲಿ ದಾರಿ ಮಾಡಿ ಟ್ಯೂಬ್ ಹಾಕುವುದು (ನಮ್ಮ ಬಾಯಲ್ಲಿ ಟ್ರೇಕಿ), ಬೇಕೋ ಬೇಡವೋ ಅಂತ ತೀರ್ಮಾನಿಸುವುದು ಡಾಕ್ಟರ್ ಕೆಲಸ. ಆದರೆ ಡ್ಯೂಟಿ ಪೂರ್ತಿ ಆ ಟ್ಯೂಬಿನ ಪಕ್ಕ ನಿಂತಿರುವವರು ನಾವು. ಪೇಷೆಂಟ್ ಕಡೆಯವರು ಡಾಕ್ಟರಿಗೆ ಕೇಳಲು ಹಿಂಜರಿಯುವುದನ್ನೆಲ್ಲ ಕೇಳುವುದೂ ನಮ್ಮ ಹತ್ತಿರವೇ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಮನೆಯವರಿಗೂ ಹೌದು, ಹೊಸದಾಗಿ ಐಸಿಯುಗೆ ಬಿದ್ದ ಹುಡುಗಿಯರಿಗೂ ಹೌದು. ಇಬ್ಬರ ಭಯವೂ ಹೆಚ್ಚುಕಮ್ಮಿ ಒಂದೇ.

ಮೊದಲು, ಕೊಯ್ಯುವುದು ಏನನ್ನು?

ವೆಂಟಿಲೇಟರ್ ಹಾಕಿದಾಗ ಬಾಯಿಂದ ಒಂದು ಟ್ಯೂಬ್ ಧ್ವನಿಪೆಟ್ಟಿಗೆಯ ನಡುವೆ ಹಾದು ಉಸಿರಿನ ಕೊಳವೆಗೆ ಹೋಗುತ್ತದೆ. ಟ್ರೇಕಿ ಅಂದರೆ ಧ್ವನಿಪೆಟ್ಟಿಗೆಯ ಕೆಳಗೆ, ಕತ್ತಿನ ಮುಂಭಾಗದಲ್ಲಿ ಚಿಕ್ಕ ದಾರಿ ಮಾಡಿ ಅಲ್ಲಿಂದ ಗಿಡ್ಡ ಟ್ಯೂಬ್ ಹಾಕುವುದು. ಕತ್ತಿನ ನಡುವೆ ಬೆರಳಿಟ್ಟು ಕೆಳಗೆ ಜಾರಿಸಿ ನೋಡಿ, ಉಂಗುರ ಉಂಗುರವಾಗಿ ಸಿಗುತ್ತದಲ್ಲ, ಅದೇ ಉಸಿರಿನ ಕೊಳವೆ. ಸಾಮಾನ್ಯವಾಗಿ ಎರಡು ಮೂರನೇ ಉಂಗುರದ ಆಸುಪಾಸಿನಲ್ಲಿ ಈ ದಾರಿ. ಅನ್ನ ಹೋಗುವ ಕೊಳವೆ ಇದರ ಹಿಂದೆ ಬೇರೆ ಇದೆ, ಅದನ್ನು ಮುಟ್ಟುವುದಿಲ್ಲ. ಧ್ವನಿಪೆಟ್ಟಿಗೆಯನ್ನೂ ತೆಗೆಯುವುದಿಲ್ಲ. “ಇನ್ನು ಜನ್ಮದಲ್ಲಿ ಮಾತಾಡಲ್ಲ” ಅಂತ ಯಾರೋ ಹೇಳಿರುತ್ತಾರೆ, ಅದು ಗಂಟಲು ಕ್ಯಾನ್ಸರಿಗೆ ಮಾಡುವ ಬೇರೆ ಆಪರೇಷನ್ನಿನ ಕಥೆ.

ಈಗ ಬಹಳಷ್ಟು ಕಡೆ ಇದನ್ನು ಹಾಸಿಗೆಯ ಮೇಲೆಯೇ ಮಾಡುತ್ತಾರೆ. ಸೂಜಿ ಚುಚ್ಚಿ, ತಂತಿ ಇಳಿಸಿ, ದಾರಿಯನ್ನು ಮೆಲ್ಲಗೆ ಹಿಗ್ಗಿಸುವ ವಿಧಾನ. ಅಮೆರಿಕದ ಸಿಯಾಗ್ಲಿಯಾ ಅನ್ನುವ ಸರ್ಜನ್ 1985ರಲ್ಲಿ ಇದನ್ನು ಪ್ರಕಟಿಸಿದರು. ಕುತ್ತಿಗೆ ತೀರಾ ಗಿಡ್ಡ ಅಥವಾ ದಪ್ಪ ಇದ್ದರೆ, ಥೈರಾಯ್ಡ್ ಗಡ್ಡೆ ಇದ್ದರೆ, ರಕ್ತ ಸೋರುವ ಭಯ ಇದ್ದರೆ ಓಟಿಗೆ (ಆಪರೇಷನ್ ಥಿಯೇಟರಿಗೆ) ಕರೆದೊಯ್ದು ಇಎನ್‌ಟಿ ಡಾಕ್ಟರ್ ಕೈಯಲ್ಲಿ ಮಾಡಿಸುತ್ತಾರೆ. ಎರಡರಲ್ಲಿ ಯಾವುದಾದರೂ ತೊಂದರೆ ಇಲ್ಲ. ಮಾಡುವವರ ಕೈ ಯಾವುದಕ್ಕೆ ಪಳಗಿದೆಯೋ ಅದೇ ಒಳ್ಳೆಯದು ಅಂತ ನನ್ನ ಅನಿಸಿಕೆ.

ದಿನ ಎಣಿಸುವುದು ಎಲ್ಲಿಂದ?

ಇದು ಸಣ್ಣ ವಿಷಯ ಅನಿಸುತ್ತದೆ, ಆದರೆ ಇಲ್ಲೇ ತಪ್ಪುವುದು ಜಾಸ್ತಿ. ನಮ್ಮ ಆಸ್ಪತ್ರೆಗೆ ಸೇರಿದ ದಿನದಿಂದ ಎಣಿಸಬಾರದು. ಬಾಯಿಗೆ ಟ್ಯೂಬ್ ಬಿದ್ದ ಗಳಿಗೆಯಿಂದ ಎಣಿಸಬೇಕು.

ಹಿರಿಯೂರಿನ ಹತ್ತಿರ ಹೈವೇಯಲ್ಲಿ ಅಪಘಾತ ಆಯಿತು ಅಂದುಕೊಳ್ಳಿ. ಟ್ಯೂಬ್ ಅಲ್ಲೇ ಹಾಕಿದರು. ಎರಡು ದಿನ ಇನ್ನೊಂದು ಕಡೆ ಇಟ್ಟುಕೊಂಡರು. ಆಮೇಲೆ ದಾವಣಗೆರೆ. ನಮ್ಮ ಶೀಟಿನಲ್ಲಿ ಮೊದಲ ದಿನ ಅಂತ ಬರೆದಿರುತ್ತದೆ, ಗಂಟಲಿಗೆ ಅದು ನಾಲ್ಕನೇ ದಿನ. ಮನೆಯವರು ರೆಫರಲ್ ಚೀಟಿ ಕಳೆದುಕೊಳ್ಳಬೇಡಿ. ಟ್ಯೂಬ್ ಹಾಕಿದ ದಿನಾಂಕ ಒಂದು ಕಡೆ ಬರೆದಿಟ್ಟುಕೊಳ್ಳಿ. ಮಧ್ಯದಲ್ಲಿ ತೆಗೆದು ಮತ್ತೆ ಹಾಕಿದ್ದರೆ ಅದನ್ನೂ ಬರೆಯಿರಿ, ಯಾಕೆಂದರೆ ತೆಗೆದು ಸೋತದ್ದೂ ಒಂದು ಲೆಕ್ಕವೇ.

ಹಾಗಾದರೆ ಎಷ್ಟನೇ ದಿನ?

ಎಲ್ಲರೂ ಇಲ್ಲಿ ಒಂದು ಅಂಕಿ ಬಯಸುತ್ತಾರೆ. ಏಳು, ಹತ್ತು, ಹದಿನಾಲ್ಕು, ಯಾವುದಾದರೂ ಒಂದು. ನಾನೂ ಹೊಸದರಲ್ಲಿ ಹಾಗೇ ಇದ್ದೆ. ಒಂದು ರಾತ್ರಿ ಡ್ಯೂಟಿಯಲ್ಲಿ ನಮ್ಮ ಐಸಿಯು ಸರ್ ಹಳೆಯ ಚಾರ್ಟ್ ಶೀಟಿನ ಹಿಂಭಾಗದಲ್ಲಿ ಗೆರೆ ಎಳೆದು ಬಿಡಿಸಿ ಹೇಳಿದರು. ಟೀ ಆರಿ ಕೆನೆ ಕಟ್ಟುವಷ್ಟು ಹೊತ್ತು ಹೇಳಿದರು.

2004ರಲ್ಲಿ ಅಮೆರಿಕದಲ್ಲಿ 120 ಜನರ ಮೇಲೆ ಒಂದು ಅಧ್ಯಯನ ನಡೆಯಿತು. ಎರಡು ದಿನದೊಳಗೆ ಟ್ರೇಕಿ ಮಾಡಿದವರಲ್ಲಿ ಸಾವು ಸುಮಾರು ಅರ್ಧಕ್ಕೆ ಇಳಿದಿತ್ತು. ಬೇಗ ಮಾಡಿದಷ್ಟೂ ಒಳ್ಳೆಯದು ಅಂತ ಎಲ್ಲರಿಗೂ ಹುರುಪು ಬಂತು. ಆಮೇಲೆ ಇಟಲಿಯವರು ಇನ್ನೂ ದೊಡ್ಡದಾಗಿ ಮಾಡಿದರು. ಒಂದು ಗುಂಪಿಗೆ 6ರಿಂದ 8 ದಿನದೊಳಗೆ, ಇನ್ನೊಂದಕ್ಕೆ 13ರಿಂದ 15. ಅದು 2010ರಲ್ಲಿ ಬಂತು. ನ್ಯುಮೋನಿಯಾ ಬೇಗ ಮಾಡಿದವರಲ್ಲಿ 14%, ತಡವಾದವರಲ್ಲಿ 21%. ನೋಡಲು ವ್ಯತ್ಯಾಸ ಇದೆ, ಆದರೆ ಗಟ್ಟಿಯಾಗಿ ಹೇಳುವಷ್ಟು ಇರಲಿಲ್ಲ.

ಈ ಅಧ್ಯಯನಗಳಲ್ಲಿ ಎಲ್ಲಕ್ಕಿಂತ ದೊಡ್ಡದು ಬ್ರಿಟನ್ನಿನ ಟ್ರ್ಯಾಕ್‌ಮ್ಯಾನ್. 72 ಐಸಿಯುಗಳು, 900ಕ್ಕೂ ಹೆಚ್ಚು ಪೇಷೆಂಟ್‌ಗಳು, ಫಲಿತಾಂಶ 2013ರಲ್ಲಿ. ಅರ್ಧ ಜನಕ್ಕೆ ನಾಲ್ಕು ದಿನದೊಳಗೆ ಟ್ರೇಕಿ. ಇನ್ನರ್ಧಕ್ಕೆ ಹತ್ತು ದಿನ ಕಾಯುವುದು, ಆಗಲೂ ಬೇಕು ಅನಿಸಿದರೆ ಮಾತ್ರ ಮಾಡುವುದು. 30 ದಿನದಲ್ಲಿ ತೀರಿಕೊಂಡವರು ಒಂದು ಕಡೆ 30.8%, ಇನ್ನೊಂದು ಕಡೆ 31.5%. ಅಂದರೆ ಸಮಸಮ.

ಆದರೆ ಸರ್ ಬೆರಳಿಟ್ಟು ತೋರಿಸಿದ ಅಂಕಿ ಇದಲ್ಲ. ಕಾಯುವ ಗುಂಪಿನಲ್ಲಿ ಕೊನೆಗೆ ಟ್ರೇಕಿ ಆದವರು ಬರೀ 45%. ಉಳಿದವರಿಗೆ ಕುತ್ತಿಗೆಗೆ ಕೈ ಹಾಕುವ ಪ್ರಸಂಗವೇ ಬರಲಿಲ್ಲ. ಕೆಲವರು ಅಷ್ಟರಲ್ಲಿ ಚೇತರಿಸಿಕೊಂಡಿದ್ದರು, ಕೆಲವರು ಹೋಗಿಬಿಟ್ಟಿದ್ದರು. “ನಾಲ್ಕನೇ ದಿನ ನೋಡಿ ಯಾರಿಗೆ ಬೇಕಾಗುತ್ತದೆ ಅಂತ ಹೇಳೋದು ಅನುಭವಸ್ಥ ಡಾಕ್ಟರಿಗೂ ಬರಲ್ಲ ಸಿಸ್ಟರ್” ಅಂದರು.

ಅವತ್ತಿನಿಂದ ನಾನು ಅಂಕಿ ಕೇಳುವುದನ್ನು ಬಿಟ್ಟೆ. ನೀವೂ ರೌಂಡ್ಸಿಗೆ ಬಂದ ಡಾಕ್ಟರನ್ನು ಹೀಗೆ ಕೇಳಿ: “ಸರ್, ಇನ್ನೊಂದು ವಾರದೊಳಗೆ ಬಾಯಿ ಟ್ಯೂಬ್ ತೆಗೆಯೋ ಲಕ್ಷಣ ಇದೆಯಾ?” ಇದೆ ಅಂದರೆ ಕಾಯುವುದರಲ್ಲಿ ಅರ್ಥ ಇದೆ. ಇಲ್ಲವೇ ಇಲ್ಲ ಅಂದರೆ ದಿನ ದೂಡಿ ಪ್ರಯೋಜನ ಇಲ್ಲ. “ನೋಡೋಣ” ಅಂದರೆ, ಯಾವತ್ತಿನವರೆಗೆ ನೋಡೋಣ ಅಂತ ಒಂದು ದಿನ ಗೊತ್ತು ಮಾಡಿಸಿಕೊಳ್ಳಿ. ನಮ್ಮ ಕಡೆ ಸಾಮಾನ್ಯವಾಗಿ ಏಳನೇ ದಿನದ ಹೊತ್ತಿಗೆ ಈ ಮಾತು ಶುರುವಾಗುತ್ತದೆ. ಹತ್ತರಿಂದ ಹದಿನಾಲ್ಕರೊಳಗೆ ಒಂದು ತೀರ್ಮಾನಕ್ಕೆ ಬಂದಿರುತ್ತಾರೆ.

ಬೆಳಿಗ್ಗೆ ನಾವು ಏನು ನೋಡುತ್ತೇವೆ

ಲಕ್ಷಣ ಅಂದೆನಲ್ಲ, ಅದು ಗಾಳಿಯಿಂದ ಬರುವುದಿಲ್ಲ. ಬೆಳಿಗ್ಗೆ ಡ್ಯೂಟಿಗೆ ಬಂದ ತಕ್ಷಣ ನಿದ್ದೆ ಔಷಧಿ ನಿಲ್ಲಿಸಬಹುದಾ ಅಂತ ಕೇಳುತ್ತೇವೆ. ನಿಲ್ಲಿಸಿದ ಮೇಲೆ ಹೆಸರು ಹಿಡಿದು ಕೂಗುತ್ತೇವೆ. ಕಣ್ಣು ಬಿಟ್ಟರೆ ಅರ್ಧ ಗೆದ್ದ ಹಾಗೆ. ಆಮೇಲೆ ಮೆಷಿನ್ನಿನ ಸಹಾಯ ತೀರಾ ಕಡಿಮೆ ಮಾಡಿ ಅರ್ಧ ಗಂಟೆಯಿಂದ ಎರಡು ಗಂಟೆ ತಾನೇ ಉಸಿರಾಡಲಿ ಅಂತ ಬಿಡುತ್ತೇವೆ.

ಆಗ ಒಂದು ಸಣ್ಣ ಭಾಗಾಕಾರ. ನಿಮಿಷಕ್ಕೆ ಎಷ್ಟು ಉಸಿರು ಅನ್ನುವುದನ್ನು, ಒಂದು ಉಸಿರಿಗೆ ಎಷ್ಟು ಲೀಟರ್ ಗಾಳಿ ಅನ್ನುವುದರಿಂದ ಭಾಗಿಸಬೇಕು. ನಿಮಿಷಕ್ಕೆ 24 ಉಸಿರು, ಒಂದೊಂದಕ್ಕೆ 400 ಮಿಲಿಲೀಟರ್ ಇದ್ದರೆ 24ನ್ನು 0.4ರಿಂದ ಭಾಗಿಸಿ. 60 ಬಂತು, ಒಳ್ಳೆಯದು. ನಾಯಿ ತೇಕುವ ಹಾಗೆ 36 ಉಸಿರು, ಒಂದೊಂದಕ್ಕೆ ಬರೀ 200 ಅಂದರೆ 180 ಆಯಿತು. ಟ್ಯೂಬ್ ತೆಗೆದರೆ ಸಂಜೆಯೊಳಗೆ ಮತ್ತೆ ಹಾಕಬೇಕಾಗುತ್ತದೆ. 105ರ ಗೆರೆ ಅಂತ ಒಂದಿದೆ, 1991ರಿಂದ ಚಾಲ್ತಿಯಲ್ಲಿದೆ. ಗೆರೆ ಅಷ್ಟೇ, ವೇದವಾಕ್ಯ ಅಲ್ಲ.

ಅಂಕಿಗಿಂತ ನಾನು ನಂಬುವುದು ಕೆಮ್ಮನ್ನು. ಕಫ ಎಳೆದು ತೆಗೆಯುವ ಸಕ್ಷನ್ ಪೈಪ್ ಒಳಗೆ ಹೋದಾಗ ಮಂಚ ಅಲುಗುವ ಹಾಗೆ ಕೆಮ್ಮಿದರೆ ನನಗೆ ಖುಷಿ. ಕೆಮ್ಮೇ ಇಲ್ಲ, ಕಫ ಮಾತ್ರ ಗಂಟೆಗೊಮ್ಮೆ ತೆಗೆಯಬೇಕು ಅಂದರೆ, ಉಸಿರು ಎಷ್ಟೇ ಚೆನ್ನಾಗಿರಲಿ, ಟ್ಯೂಬ್ ತೆಗೆದ ಮೇಲೆ ಆ ಕಫ ಯಾರು ತೆಗೆಯಬೇಕು? ಇಂಥವರಿಗೆ ವೆಂಟಿಲೇಟರ್ ಬೇಡವಾದರೂ ಟ್ರೇಕಿ ಬೇಕಾಗುತ್ತದೆ. ಇದು ಮನೆಯವರಿಗೆ ಅರ್ಥವಾಗುವುದು ಕಷ್ಟ. “ಮೆಷಿನ್ ತೆಗೆದಾರಲ್ರಿ, ಮತ್ಯಾಕೆ ತೂತು?” ಅನ್ನುತ್ತಾರೆ. ಉಸಿರಾಡುವುದು ಬೇರೆ, ದಾರಿ ಕ್ಲೀನ್ ಇಟ್ಟುಕೊಳ್ಳುವುದು ಬೇರೆ.

ಅಂದ ಹಾಗೆ ಹೊಸ ಹುಡುಗಿಯರಿಗೆ ಒಂದು ಮಾತು. ಕಫ ಬೇರೆ, ಕಫ್ ಬೇರೆ. ಕಫ್ ಅಂದರೆ ಟ್ಯೂಬಿನ ತುದಿಯ ಬಲೂನು. ಫೋನಿನಲ್ಲಿ “ಕಫ್ ಲೀಕ್ ಆಗ್ತಿದೆ” ಅಂದಾಗ ಆ ಕಡೆಯವರು “ಸಕ್ಷನ್ ಮಾಡಮ್ಮ” ಅಂದದ್ದನ್ನು ನಾನೇ ಕೇಳಿದ್ದೇನೆ. ಬಲೂನಿನ ಒತ್ತಡ 20ರಿಂದ 30 ಸೆಂಟಿಮೀಟರ್ ನೀರಿನಷ್ಟಿರಬೇಕು. ಬೆರಳಲ್ಲಿ ಒತ್ತಿ ಅಂದಾಜು ಮಾಡಬೇಡಿ, ಮೀಟರ್ ಹಚ್ಚಿ. ಜಾಸ್ತಿಯಾದರೆ ಕೊಳವೆಯ ಒಳಗೋಡೆಗೆ ರಕ್ತ ಹೋಗದೆ ಹುಣ್ಣಾಗುತ್ತದೆ, ಮುಂದೆ ಕೊಳವೆಯೇ ಕಿರಿದಾಗುತ್ತದೆ.

ಕಾಯಿಲೆ ನೋಡಿ ಲೆಕ್ಕ

ಒಂದೊಂದು ಕಾಯಿಲೆಗೆ ಒಂದೊಂದು ನಡಿಗೆ.

ಔಷಧಿ ಕುಡಿದು ಬಂದವರಿಂದಲೇ ಶುರು ಮಾಡುತ್ತೇನೆ, ಯಾಕೆಂದರೆ ನಮ್ಮ ಕಡೆ ಅವರು ಜಾಸ್ತಿ. ಮೆಕ್ಕೆಜೋಳ, ಹತ್ತಿ ಬೆಳೆಯುವ ಊರುಗಳು, ಮನೆಯಲ್ಲಿ ಹೊಲಕ್ಕೆ ಹೊಡೆಯುವ ಡಬ್ಬಿ ಇದ್ದೇ ಇರುತ್ತದೆ. ಆರ್ಗನೋಫಾಸ್ಫೇಟ್ ಜಾತಿಯ ಕೀಟನಾಶಕದಲ್ಲಿ ಒಂದು ಮೋಸ ಇದೆ. ಮೊದಲ ದಿನದ ಜೊಲ್ಲು, ಬೆವರು, ವಾಂತಿ ಎಲ್ಲ ಅದರ ಮದ್ದಾದ ಅಟ್ರೋಪಿನ್‌ಗೆ ಇಳಿಯುತ್ತದೆ. ಹುಡುಗ ಕಣ್ಣು ಬಿಟ್ಟು ಅಮ್ಮನ ಹತ್ತಿರ ಮಾತಾಡುತ್ತಾನೆ. ಮನೆಯವರು ವಾರ್ಡಿಗೆ ಯಾವಾಗ ಅಂತ ಕೇಳುತ್ತಾರೆ. ಆಮೇಲೆ ಒಂದರಿಂದ ನಾಲ್ಕನೇ ದಿನದ ನಡುವೆ, ಸದ್ದಿಲ್ಲದೆ, ಸ್ನಾಯುಗಳ ಬಲ ಹೋಗುತ್ತದೆ. ಮೊದಲು ಹೋಗುವುದು ಕತ್ತಿನ ಬಲ. ಅದಕ್ಕೇ ನಾವು ಹೊತ್ತು ಹೊತ್ತಿಗೆ “ದಿಂಬಿನಿಂದ ತಲೆ ಎತ್ತಪ್ಪಾ, ಐದು ಎಣಿಸೋ ತನಕ ಹಿಡಿ” ಅನ್ನುತ್ತಿರುತ್ತೇವೆ. ಬೆಳಿಗ್ಗೆ ಎತ್ತಿದವನು ಮಧ್ಯಾಹ್ನ ಎತ್ತದಿದ್ದರೆ ಡಾಕ್ಟರಿಗೆ ಫೋನ್. ಉಸಿರಿನ ಸ್ನಾಯು ಸೋಲುವುದು ಅದರ ಬೆನ್ನಿಗೇ.

ಇವರಿಗೆ ಟ್ರೇಕಿ ಯಾವಾಗ? ಇದು ವಾಸಿಯಾಗುವ ಸೋಲು. ಬಹಳಷ್ಟು ಜನರಲ್ಲಿ ಒಂದರಿಂದ ಎರಡೂವರೆ ವಾರದಲ್ಲಿ ಬಲ ವಾಪಸ್ ಬರುತ್ತದೆ. ಹಾಗಾಗಿ ಐದನೇ ದಿನಕ್ಕೇ ಹಾರಬೇಕಾಗಿಲ್ಲ. ಏಳೆಂಟನೇ ದಿನ ತಲೆ ಸ್ವಲ್ಪ ಎತ್ತುತ್ತಿದ್ದರೆ, ನಿನ್ನೆಗಿಂತ ಇವತ್ತು ಒಂದು ಎಣಿಕೆ ಜಾಸ್ತಿ ಹಿಡಿದರೆ, ನಾನಾದರೆ ಕಾಯಿರಿ ಅಂತಲೇ ಹೇಳುತ್ತೇನೆ. ಹತ್ತು ದಿನ ಕಳೆದರೂ ಬೆರಳಷ್ಟೇ ಅಲುಗುತ್ತದೆ, ಜೊತೆಗೆ ನ್ಯುಮೋನಿಯಾ ಬೇರೆ ಹಿಡಿದಿದೆ ಅಂದರೆ ಟ್ರೇಕಿ ಆತನಿಗೆ ಉಪಕಾರವೇ. ಹುಡುಗನಿಗೆ ಎಚ್ಚರ ಇರುತ್ತದೆ, ಬಾಯಲ್ಲಿ ಟ್ಯೂಬ್ ಕಚ್ಚಿಕೊಂಡು ಸೂರು ನೋಡುತ್ತಾ ಮಲಗಿರುವುದು ಸುಲಭ ಅಲ್ಲ. (ಇದನ್ನು ಓದುವವರ ಮನೆಯಲ್ಲಿ ಯಾರಿಗಾದರೂ ಬದುಕು ಸಾಕು ಅನಿಸುತ್ತಿದ್ದರೆ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ದುಡ್ಡು ಕೊಡಬೇಕಿಲ್ಲ.)

ಕಟ್ಟುಹಾವು ಕಚ್ಚಿದವರದೂ ಹೀಗೇ, ಇನ್ನೂ ಬೇಗ. ಆಂಟಿವೆನಮ್ ಕೊಟ್ಟು ಉಸಿರು ಕಾಯ್ದರೆ ಕೆಲವು ದಿನಗಳಲ್ಲಿ ಕಣ್ಣುರೆಪ್ಪೆ ಏಳುತ್ತದೆ. ಅವರಿಗೆ ಟ್ರೇಕಿ ತನಕ ಹೋಗುವುದು ಅಪರೂಪ.

ತಲೆಗೆ ಪೆಟ್ಟಾದವರದು ಬೇರೆ ದಾರಿ. ಹೆಸರಿಗೆ ಈಗ ಎನ್‌ಎಚ್ 48, ನಮ್ಮ ಬಾಯಲ್ಲಿ ಇನ್ನೂ ಎನ್‌ಎಚ್ ಫೋರ್. ಆ ರಸ್ತೆಯಿಂದ ಬರುವ ಹೆಲ್ಮೆಟ್ ಇಲ್ಲದ ಹುಡುಗರ ಪುಪ್ಪುಸ ಗಟ್ಟಿಯಾಗಿರುತ್ತದೆ, ಎಚ್ಚರ ಮಾತ್ರ ಇರುವುದಿಲ್ಲ. ಎಚ್ಚರ ಬರಲು ವಾರಗಳು ಬೇಕು ಅನ್ನುವುದು ಸ್ಕ್ಯಾನ್ ನೋಡಿದರೇ ಗೊತ್ತಾಗುತ್ತದೆ. ಇಂಥವರಿಗೆ ಮೊದಲ ವಾರದ ಕೊನೆಗೇ ಮಾಡಿದರೆ ವೆಂಟಿಲೇಟರಿನಿಂದ ಬೇಗ ಬಿಡಿಸಬಹುದು, ವಾರ್ಡಿಗೆ ಬೇಗ ಕಳಿಸಬಹುದು. ಜೀವ ಉಳಿಸುವ ಮಾತು ಬೇರೆ, ಅದನ್ನು ಟ್ಯೂಬ್ ತೀರ್ಮಾನಿಸುವುದಿಲ್ಲ. ತಲೆಯೊಳಗಿನ ಒತ್ತಡ ಇಳಿಯುವ ತನಕ ಮಾತ್ರ ಕಾಯಲೇಬೇಕು. ಚನ್ನಗಿರಿ ಕಡೆ ಅಡಿಕೆ ಮರದಿಂದ ಬಿದ್ದು ಕತ್ತಿನ ಮೇಲ್ಭಾಗದ ಬೆನ್ನುಹುರಿಗೆ ಪೆಟ್ಟಾದವರಿಗೂ ಅಷ್ಟೇ. ಉಸಿರಿನ ನರವೇ ಸೋತಿದ್ದರೆ ದಿನ ಎಣಿಸುತ್ತಾ ಕೂರುವುದಿಲ್ಲ.

ಲಕ್ವಾ ಹೊಡೆದವರ ವಿಷಯದಲ್ಲಿ ಮೊದಲು ಬೇಗ ಮಾಡುವುದೇ ಒಳ್ಳೆಯದು ಅಂತ ಆಸೆ ಇತ್ತು. ಜರ್ಮನಿ, ಅಮೆರಿಕದವರು 382 ಜನರ ಮೇಲೆ ನೋಡಿ 2022ರಲ್ಲಿ ಹೇಳಿದರು: ಐದು ದಿನದೊಳಗೆ ಮಾಡಿದರೂ ಹತ್ತು ದಿನ ಕಳೆದು ಮಾಡಿದರೂ, ಆರು ತಿಂಗಳ ಹೊತ್ತಿಗೆ ದೊಡ್ಡ ಊನ ಇಲ್ಲದೆ ಬದುಕಿದವರ ಲೆಕ್ಕದಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಇಲ್ಲ.

ಗಿಲನ್ ಬಾರೆ ಅನ್ನುವ ನರದ ಕಾಯಿಲೆಗೆ ಎರಡು ವಾರ ನೋಡಿ, ಚೇತರಿಕೆಯ ಸುಳಿವೇ ಇಲ್ಲದಿದ್ದರೆ ಮಾಡುತ್ತಾರೆ. ಬೀಡಿ ಸೇದಿ ಪುಪ್ಪುಸ ಹಾಳಾದ ಅಜ್ಜಂದಿರದು ಎಲ್ಲಕ್ಕಿಂತ ಕಷ್ಟ. ಅವರಿಗೆ ಟ್ಯೂಬ್ ತೆಗೆದು ಮಾಸ್ಕ್ ವೆಂಟಿಲೇಟರ್ ಹಾಕಿ ನೋಡುವುದು ಮೊದಲ ಪ್ರಯತ್ನ.

ತೀರ್ಮಾನ ಆದ ಮೇಲೂ ತಡೆಯಬೇಕಾದಾಗ

ಸಹಿ ಆಯಿತು, ದಿನ ಗೊತ್ತಾಯಿತು ಅಂತ ಮಾಡಿಯೇ ತೀರಬೇಕು ಅಂತಿಲ್ಲ. ಟ್ಯೂಬ್ ಬದಲಿಸುವ ಆ ಕೆಲವು ನಿಮಿಷ ಪುಪ್ಪುಸಕ್ಕೆ ಸರಿಯಾಗಿ ಗಾಳಿ ಸಿಗುವುದಿಲ್ಲ. ಹಾಗಾಗಿ ಆಕ್ಸಿಜನ್ 60%ಗಿಂತ ಜಾಸ್ತಿ ಬೇಕಾಗುತ್ತಿದ್ದರೆ, ಪೀಪ್ (ಉಸಿರು ಬಿಟ್ಟ ಮೇಲೂ ಪುಪ್ಪುಸ ಮುಚ್ಚದ ಹಾಗೆ ಮೆಷಿನ್ ಹಿಡಿದಿಡುವ ಒತ್ತಡ) ಹತ್ತರ ಮೇಲೆ ಇದ್ದರೆ, ಬಿಪಿ ನಿಲ್ಲಿಸುವ ಔಷಧಿ ಗಂಟೆಗಂಟೆಗೂ ಏರುತ್ತಿದ್ದರೆ ನಾಳೆಗೆ ಮುಂದೂಡುವುದೇ ಜಾಣತನ. ಪ್ಲೇಟ್‌ಲೆಟ್ 50,000ಕ್ಕಿಂತ ಕೆಳಗಿದ್ದರೂ ಹಾಗೇ. ಡೆಂಗಿ ಸೀಸನ್ನಿನಲ್ಲಿ ಇದನ್ನು ಬಹಳ ಸಲ ನೋಡಿದ್ದೇನೆ. ಹೃದಯಕ್ಕೆ ಸ್ಟೆಂಟ್ ಹಾಕಿಸಿ ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಮನೆಯವರು ಬಾಯಿಬಿಟ್ಟು ಹೇಳಬೇಕು. ಬ್ಯಾಗಿನಲ್ಲಿರುವ ಹಳೆಯ ಮಾತ್ರೆ ಚೀಟಿಯನ್ನು ನಮ್ಮ ಕೈಗೆ ಕೊಡಿ. ಎಷ್ಟೋ ಸಲ ಆ ಚೀಟಿ ಎಲೆಯಡಿಕೆ ಸಂಚಿಯ ಜೊತೆ ಸುತ್ತಿಕೊಂಡು ಹೊರಗಿನ ಬೆಂಚಿನ ಮೇಲೇ ಇರುತ್ತದೆ.

ಇನ್ನು ಅಮಾವಾಸ್ಯೆ. ನಗಬೇಡಿ, ಇದು ನಮ್ಮಲ್ಲಿ ನಿಜವಾಗಿ ಬರುವ ಪ್ರಶ್ನೆ. “ನಾಳೆ ಮಂಗಳವಾರ, ನಾಡಿದ್ದು ಅಮಾಸಿ, ಬುಧವಾರ ಕಳೀಲಿ ಸಿಸ್ಟರ್.” ಹೊಸದರಲ್ಲಿ ನಾನು ಜಗಳಕ್ಕೆ ಹೋಗುತ್ತಿದ್ದೆ. ಈಗ ಹೋಗುವುದಿಲ್ಲ. ಬಾಯಲ್ಲಿ ಟ್ಯೂಬ್ ಸರಿಯಾಗಿ ಕೂತಿರುವಾಗ ಮಾಡುವ ಟ್ರೇಕಿ ಮುಂಚೆಯೇ ಯೋಚಿಸಿ ಮಾಡುವ ಕೆಲಸ. ಒಂದೆರಡು ದಿನ ಆಚೀಚೆ ಆದರೆ ಏನೂ ಮುಳುಗುವುದಿಲ್ಲ, ಡಾಕ್ಟರನ್ನು ಕೇಳಿ ಒಪ್ಪಿಸಬಹುದು. ಮನೆಯವರ ಮನಸ್ಸಿಗೆ ಸಮಾಧಾನ ಇರುವುದೂ ಮುಖ್ಯ ಅಲ್ವಾ. ಆದರೆ ಗಂಟಲು ಊದಿ ಬಾಯಿಂದ ಟ್ಯೂಬ್ ಹೋಗದೆ ಉಸಿರು ಕಟ್ಟಿದಾಗ ಕುತ್ತಿಗೆಯಲ್ಲಿ ದಾರಿ ಮಾಡುವುದು ಬೇರೆಯದೇ ಸಂಗತಿ. ಅಲ್ಲಿ ಇರುವುದು ನಾಲ್ಕೈದು ನಿಮಿಷ. ಪಂಚಾಂಗ ನೋಡುವಷ್ಟರಲ್ಲಿ ಮುಗಿದಿರುತ್ತದೆ.

ಆದರೆ ಕಾಯುವುದಕ್ಕೂ ಬೆಲೆ ಇದೆ. ನನ್ನ ದೊಡ್ಡಪ್ಪನಿಗೆ ಬೇರೆ ಊರಿನ ಆಸ್ಪತ್ರೆಯೊಂದರಲ್ಲಿ 19 ದಿನ ಬಾಯಿ ಟ್ಯೂಬಿನಲ್ಲೇ ಇಟ್ಟಿದ್ದರು. ಅಣ್ಣತಮ್ಮಂದಿರು ಒಪ್ಪಲಿಲ್ಲ, ಒಬ್ಬರು ಹೂಂ ಅಂದರೆ ಇನ್ನೊಬ್ಬರು ಊಹೂಂ. ಅಲ್ಲಿನವರೂ ಕೂರಿಸಿ ತಿಳಿಹೇಳಲಿಲ್ಲ. ನಾನು ಹೋಗಿ ನೋಡಿದಾಗ ತುಟಿಯ ಮೂಲೆ ಸೀಳಿತ್ತು, ನಾಲಿಗೆ ಒಣಗಿ ಹುಣ್ಣಾಗಿತ್ತು. ಟ್ಯೂಬ್ ಕಿತ್ತುಕೊಳ್ಳಬಾರದು ಅಂತ ಕೈ ಕಟ್ಟಿ, ನಿದ್ದೆ ಔಷಧಿ ಸುರಿದು ಮಲಗಿಸಿದ್ದರು. ಹುಷಾರಾಗಿ ಮನೆಗೆ ಬಂದರು. ಎರಡು ತಿಂಗಳಾದ ಮೇಲೆ ಮೆಟ್ಟಿಲು ಹತ್ತಿದರೆ ಉಸಿರಿನಲ್ಲಿ ಸಿಳ್ಳೆ ಶುರುವಾಯಿತು. ಧ್ವನಿಪೆಟ್ಟಿಗೆಯ ಕೆಳಗೆ ಕೊಳವೆ ಕಿರಿದಾಗಿತ್ತು. ಟ್ರೇಕಿಯಿಂದಲೂ ಕಿರಿದಾಗಬಹುದು, ಅದನ್ನು ಮುಚ್ಚಿಡುವುದಿಲ್ಲ. ಆದರೆ ಆ 19 ದಿನಗಳನ್ನು ನೆನೆದರೆ ನನಗೆ ಇವತ್ತಿಗೂ ಸಿಟ್ಟು ಬರುತ್ತದೆ.

ಇನ್ನೊಂದು ಪ್ರಶ್ನೆ ಸಹಿಗೆ ಮುಂಚೆಯೇ ಕೇಳಬೇಕಾದ್ದು, ಯಾರೂ ಕೇಳುವುದಿಲ್ಲ. “ಟ್ರೇಕಿ ಮಾಡಿದ ಮೇಲೆ ಇವರು ಎಲ್ಲಿಗೆ ತಲುಪುತ್ತಾರೆ?” ಎಂಬತ್ತೈದರ ಅಜ್ಜಿ, ಮೊದಲೇ ಹಾಸಿಗೆ ಹಿಡಿದವರು, ಈಗ ಮೆದುಳಿಗೂ ದೊಡ್ಡ ಪೆಟ್ಟು ಅಂದಾಗ ಟ್ಯೂಬ್ ಹಾಕಬಹುದು. ಆದರೆ ಆಕೆಗೆ ಅದು ಬೇಕಿತ್ತಾ? ಗಟ್ಟಿಯಾಗಿದ್ದಾಗ ಏನು ಅನ್ನುತ್ತಿದ್ದರು? ಡಾಕ್ಟರ್ ಜೊತೆ ಕೂತು ಇದನ್ನು ಮಾತಾಡಿ. ಹಾಕಿಸುವುದಿಲ್ಲ ಅನ್ನುವುದೂ ಒಂದು ತೀರ್ಮಾನವೇ, ಅದಕ್ಕೆ ಯಾರೂ ತಲೆ ತಗ್ಗಿಸಬೇಕಾಗಿಲ್ಲ.

ಆ ದಿನ, ಆ ವಾರ

ಬೆಳಿಗ್ಗೆ ಹೊತ್ತು ಮಾಡಿಸಿಕೊಳ್ಳುವುದು ಒಳ್ಳೆಯದು. ಜನ ಇರುತ್ತಾರೆ, ಬ್ಲಡ್ ಬ್ಯಾಂಕ್, ಓಟಿ ಎಲ್ಲ ಎದ್ದಿರುತ್ತದೆ. ನಮ್ಮಲ್ಲಿ ಆರು ಗಂಟೆ ಮುಂಚೆ ಮೂಗಿನ ನಳಿಗೆಯ ಫೀಡ್ ನಿಲ್ಲಿಸುತ್ತೇವೆ. ಕೆಲಸ ಸಲೀಸಾದರೆ ಅರ್ಧ ಗಂಟೆಯೊಳಗೆ ಮುಗಿಯುತ್ತದೆ.

ಮುಗಿದ ಮೇಲಿನ ಮೊದಲ ವಾರ ಮಾತ್ರ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯಬೇಕು. ಚರ್ಮದಿಂದ ಕೊಳವೆಗೆ ಹೋಗುವ ದಾರಿ ಇನ್ನೂ ಹಸಿಯಾಗಿರುತ್ತದೆ. ಈಗ ಟ್ಯೂಬ್ ಹೊರಬಂದರೆ ದಾರಿ ಮುಚ್ಚಿಕೊಳ್ಳುತ್ತದೆ. ಇದನ್ನು ನಾನು ಪುಸ್ತಕದಲ್ಲಿ ಓದಿ ಕಲಿತದ್ದಲ್ಲ.

ಸರ್ವಿಸಿನ ಮೂರನೇ ವರ್ಷ, ಆಗ ಬೇರೆ ಕಡೆ ಕೆಲಸದಲ್ಲಿದ್ದೆ. ಟ್ರೇಕಿಯಾದ ಎರಡನೇ ದಿನ. ಬೆನ್ನು ಹುಣ್ಣಾಗದಿರಲಿ ಅಂತ ಪೇಷೆಂಟನ್ನು ಮಗ್ಗುಲು ತಿರುಗಿಸಿದೆವು. ವೆಂಟಿಲೇಟರ್ ಪೈಪ್ ಮಂಚದ ಕಂಬಿಗೆ ಸಿಕ್ಕಿಕೊಂಡಿದ್ದನ್ನು ನಾನು ನೋಡಲಿಲ್ಲ. ಟ್ಯೂಬ್ ಜಗ್ಗಿ ಈಚೆ ಬಂತು. ಗಾಬರಿಯಲ್ಲಿ ಅದೇ ತೂತಿಗೆ ಒತ್ತಿ ಕೂರಿಸಿದೆ. ಕೂತಿತು ಅಂದುಕೊಂಡೆ. ಮೆಷಿನ್ ಗಾಳಿ ಬಿಟ್ಟ ಹಾಗೆಲ್ಲ ಕುತ್ತಿಗೆ ಊದತೊಡಗಿತು, ಮುಟ್ಟಿದರೆ ಚರ್ಮದ ಕೆಳಗೆ ಮಂಡಕ್ಕಿ ಪುಡಿಯಾದ ಹಾಗೆ ಚರಚರ. ಟ್ಯೂಬ್ ಕೊಳವೆಗೆ ಹೋಗಿರಲಿಲ್ಲ, ಮಾಂಸದ ನಡುವೆ ಹೋಗಿತ್ತು. ಡ್ಯೂಟಿ ಡಾಕ್ಟರ್ ಓಡಿ ಬಂದು ಅದನ್ನು ಕಿತ್ತೆಸೆದು, ತೂತಿನ ಮೇಲೆ ಗಾಜ್ ಒತ್ತಿ ಹಿಡಿಯಲು ಹೇಳಿ, ಬಾಯಿಂದ ಮಾಸ್ಕಿನಲ್ಲಿ ಗಾಳಿ ಕೊಟ್ಟರು. ಆಮೇಲೆ ಬಾಯಿಂದಲೇ ಟ್ಯೂಬ್ ಹಾಕಿದರು. ಪೇಷೆಂಟ್ ಉಳಿದರು. ನನ್ನ ಕೈ ನಡುಕ ಮಾತ್ರ ರಾತ್ರಿ ತನಕ ನಿಲ್ಲಲಿಲ್ಲ.

ಹಾಗಾಗಿ ಹುಡುಗಿಯರೇ, ಮೊದಲ ವಾರ ಟ್ಯೂಬ್ ಬಂದರೆ ಒತ್ತಬೇಡಿ. ಕೂಗಿ, ತೂತು ಮುಚ್ಚಿ, ಬಾಯಿಂದ ಆಕ್ಸಿಜನ್ ಕೊಡಿ. ತಲೆದೆಸೆಯಲ್ಲಿ ಅದೇ ಸೈಜಿನ ಒಂದು ಟ್ಯೂಬ್, ಒಂದು ಸೈಜ್ ಚಿಕ್ಕದು, ಬಾಯಿಗೆ ಹಾಕುವ ಟ್ಯೂಬ್ ಸದಾ ಇರಲಿ. ತಿರುಗಿಸುವ ಮುಂಚೆ ಒಬ್ಬರ ಕೈ ಟ್ಯೂಬಿನ ಮೇಲೇ ಇರಲಿ. ಮೊದಲ ಸಲ ಟ್ಯೂಬ್ ಬದಲಿಸುವುದು ಸುಮಾರು ಏಳರಿಂದ ಹತ್ತು ದಿನಕ್ಕೆ, ಅದೂ ಡಾಕ್ಟರ್ ಎದುರಿಗೆ.

ರಕ್ತದ ವಿಷಯ ಮನೆಯವರಿಗೂ ಗೊತ್ತಿರಲಿ. ಮೊದಲ ದಿನ ಕಫದಲ್ಲಿ ಸ್ವಲ್ಪ ಕೆಂಪು ಇರುವುದು ಸಹಜ. ಆದರೆ ಮೂರ್ನಾಲ್ಕು ದಿನ ಕಳೆದ ಮೇಲೆ, ಒಂದೆರಡು ವಾರವಾದ ಮೇಲೂ ಸರಿಯೇ, ಟ್ಯೂಬಿನಿಂದ ಇದ್ದಕ್ಕಿದ್ದ ಹಾಗೆ ಹಸಿ ರಕ್ತ ಬಂದು ತಾನೇ ನಿಂತರೆ “ನಿಂತಿತಲ್ಲ” ಅಂತ ಸುಮ್ನಿರಬೇಡಿ. ಒಳಗೆ ದೊಡ್ಡ ರಕ್ತನಾಳ ಸವೆಯುತ್ತಿರುವ ಮುನ್ಸೂಚನೆ ಇರಬಹುದು. ಅಪರೂಪ, ಆದರೆ ಹಾಗೇನಾದರೂ ಆಯಿತೆಂದರೆ ತಡೆಯುವುದು ಕಷ್ಟ.

ಟ್ಯೂಬ್ ಸಮೇತ ಮನೆಗೆ ಹೋಗುವವರೂ ಇದ್ದಾರೆ. ಸಕ್ಷನ್ ಮಾಡುವುದನ್ನು ಮನೆಯ ಇಬ್ಬರು ಕಲಿಯಿರಿ, ಒಬ್ಬರು ಸಾಲದು. ಡಿಸ್ಚಾರ್ಜ್ ಮುಂಚೆ ನಮ್ಮ ಎದುರಿಗೆ ಐದಾರು ಸಲ ಮಾಡಿ ತೋರಿಸಿ. ಹಳ್ಳಿಯಲ್ಲಿ ಕರೆಂಟ್ ಹೋಗುತ್ತದೆ, ಬ್ಯಾಟರಿ ಇರುವುದೋ ಕಾಲಲ್ಲಿ ತುಳಿಯುವುದೋ ಒಂದು ಸಕ್ಷನ್ ಮೆಷಿನ್ ನೋಡಿಕೊಳ್ಳಿ. ಮೂಗು ಮಾಡುತ್ತಿದ್ದ ಕೆಲಸ ಈಗ ಇಲ್ಲ, ಗಾಳಿ ಸೋಸುವವರಿಲ್ಲ, ತೇವ ಮಾಡುವವರಿಲ್ಲ. ಟ್ಯೂಬಿನ ಮುಂದೆ ಒದ್ದೆ ಗಾಜ್ ತುಂಡು ಇಳಿಬಿಡಿ. ಮೆಕ್ಕೆಜೋಳ ಒಕ್ಕುವ ಕಾಲದಲ್ಲಿ ಕಣದ ಹತ್ತಿರ ಮಂಚ ಹಾಕಬೇಡಿ. ಸ್ನಾನ ಸೊಂಟದಿಂದ ಕೆಳಗೆ, ಮೇಲೆ ಒರೆಸಿದರೆ ಸಾಕು.

ಮಾತು

ಬಲೂನು ಉಬ್ಬಿರುವ ತನಕ ಗಾಳಿ ಧ್ವನಿಪೆಟ್ಟಿಗೆಗೆ ಹೋಗುವುದಿಲ್ಲ, ಅದಕ್ಕೇ ದನಿ ಇಲ್ಲ. ಮೆಷಿನ್ ಬಿಟ್ಟು, ಬಲೂನು ಇಳಿಸಿ, ಟ್ಯೂಬಿನ ಬಾಯಿಗೆ ಮಾತಿನ ವಾಲ್ವ್ ಹಚ್ಚಿದರೆ ಉಸಿರು ಮೇಲೆ ಹೋಗಿ ದನಿ ಬರುತ್ತದೆ. ಬಲೂನು ಇಳಿಸದೆ ವಾಲ್ವ್ ಹಚ್ಚಿದರೆ ಎಳೆದ ಉಸಿರು ಹೊರಗೆ ಬರಲು ದಾರಿಯೇ ಇರುವುದಿಲ್ಲ, ಇದನ್ನು ಗೋಡೆಗೆ ಬರೆದು ಅಂಟಿಸಿ.

ಹೋದ ಬೇಸಿಗೆಯಲ್ಲಿ ಒಬ್ಬ ಮೇಸ್ತ್ರಿ ಇದ್ದರು, ಗಿಲನ್ ಬಾರೆ, 15ನೇ ದಿನ ಟ್ರೇಕಿ. ಕೈಯಲ್ಲಿ ಸ್ವಲ್ಪ ಬಲ ಬಂದಾಗಿನಿಂದ ಎದೆಯ ಮೇಲೆ ಬೆರಳು ಆಡಿಸಿ ಏನೋ ಸನ್ನೆ ಮಾಡುತ್ತಿದ್ದರು. ನೀರಡಿಕೆ ಅಂತ ನಾವು ತುಟಿ ಒದ್ದೆ ಮಾಡುತ್ತಿದ್ದೆವು. ಎದೆನೋವಿರಬಹುದು ಅಂತ ಎರಡು ಸಲ ಇಸಿಜಿ ಆಯಿತು. ಹೆಂಡತಿ ಮನೆದೇವರ ಭಸ್ಮ ತಂದು ಹಚ್ಚಿದರು. ಮೆಷಿನ್ ಬಿಟ್ಟ ಮೇಲೆ ವಾಲ್ವ್ ಹಚ್ಚಿದ ದಿನ ಎಲ್ಲರೂ ಮಂಚದ ಸುತ್ತ ನಿಂತಿದ್ದೆವು. ಎರಡು ಸಲ ಕೆಮ್ಮಿದರು. ಆಮೇಲೆ ಒಡಕು ದನಿಯಲ್ಲಿ ಹೆಂಡತಿಯನ್ನು ಬಿಟ್ಟು ನನ್ನ ಕಡೆ ನೋಡಿ ಅಂದರು:

“ಯಕ್ಕಾ, ಆ ಏಸಿ ಬಂದ್ ಮಾಡ್ರೀ.”